ಕಾವು ಕೊಟ್ಟ ಬ್ಯಾಟರಿ

ಬ್ಯಾಟರಿ ಕಂಪನಿಯವನು ಬರುವ ದಿನ ವಿರ್ಪಿ ಅಡುಗೆಮನೆಯ ಮೇಜನ್ನು ಎರಡು ಸಲ ಒರೆಸಿದಳು. ಒರೆಸುವಂಥದ್ದು ಅಲ್ಲಿ ಏನೂ ಇರಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು, ಅಷ್ಟೆ.

ಮಗಳು ಹಿಲ್ಲಾ ಶಾಲೆಯ ಬಸ್ಸು ಹತ್ತಿ ಹೋಗಿದ್ದಳು. ಮಾವ ತೌನೋ ಕಿಟಕಿಯ ಬಳಿಯ ಬೆಂಚಿನಲ್ಲಿ ಕುಳಿತು, ಬಟ್ಟಲಲ್ಲಿದ್ದ ಗಂಜಿಯನ್ನು ಚಮಚದಿಂದ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಳ್ಳುತ್ತಿದ್ದರು. ಹಿಲ್ಲಾ ಹುಟ್ಟಿದಂದಿನಿಂದ ಆ ಮನೆಯಲ್ಲಿ ಎಲ್ಲರಿಗೂ ಅವರು ಅಜ್ಜನೇ. ವಿರ್ಪಿಯೂ ಹಾಗೇ ಕರೆಯುತ್ತಿದ್ದಳು.

“ಅಜ್ಜ, ಗಂಜಿ ಆರ್ತಿದೆ.”

“ಆರ್ಲಿ ಬಿಡು. ಗಂಜಿಗೂ ವಯಸ್ಸಾಗುತ್ತೆ.”

ಹಾಗೆಂದು ಚಮಚ ಕೆಳಗಿಟ್ಟು, ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೋಡತೊಡಗಿದರು. ಜನವರಿಯಿಂದ ಅವರಿಗೆ ಅದೇ ಕೆಲಸ. ಕೊಡಲಿ ಹಿಡಿಯುತ್ತಿರಲಿಲ್ಲ, ಮೀನಿನ ಬಲೆ ಮುಟ್ಟುತ್ತಿರಲಿಲ್ಲ. ಊಟಕ್ಕೆ ಕುಳಿತರೂ ಕೈಯನ್ನೇ ನೋಡುವುದು.

ಅವರ ಮಗ, ವಿರ್ಪಿಯ ಗಂಡ ಯಾರ್ಮೋ, ನರಗಳ ಕಾಯಿಲೆಯಿಂದ ಮಲಗಿದವನು. ಮೊದಲು ಕೈ ಹೋಯಿತು, ಆಮೇಲೆ ಕಾಲು, ಕೊನೆಗೆ ಉಸಿರು. ಉಸಿರಾಡಿಸಲು ಹಾಸಿಗೆಯ ಪಕ್ಕ ಒಂದು ಯಂತ್ರವಿತ್ತು. ಕರೆಂಟು ಹೋದರೆ ಯಂತ್ರ ನಿಲ್ಲದಿರಲೆಂದು ಅದಕ್ಕೊಂದು ಲಿಥಿಯಂ ಬ್ಯಾಟರಿ, ದೊಡ್ಡ ಬ್ರೆಡ್ಡಿನಷ್ಟು ಗಾತ್ರದ್ದು. ಎಂಟು ಗಂಟೆ ನಡೆಯುತ್ತದೆ ಎಂದು ಕಂಪನಿ ಮಾತು ಕೊಟ್ಟಿತ್ತು. ವಾರಂಟಿಯೂ ಇನ್ನೂ ಮುಗಿದಿರಲಿಲ್ಲ.

ಹೆಲ್ಸಿಂಕಿಯಿಂದ ದೂರ, ಉತ್ತರದ ಕೈನೂ ಸೀಮೆಯ ಕಾಡಿನಲ್ಲಿ ಚಳಿಗಾಲದ ಹಿಮ ಮರಗಳ ಮೇಲೆ ಕಲ್ಲಿನಂತೆ ಗಟ್ಟಿಯಾಗಿ ಕೂರುತ್ತದೆ. ಭಾರ ತಾಳದೆ ಮರಗಳು ತಂತಿಯ ಮೇಲೆ ಒರಗುತ್ತವೆ. ಕರೆಂಟು ಹೋಗುವುದು ಅಲ್ಲಿ ಸುದ್ದಿಯೇ ಅಲ್ಲ. ಜನವರಿಯ ಆ ಮಧ್ಯಾಹ್ನ ಕರೆಂಟು ಹೋದಾಗ ವಿರ್ಪಿ ಮಗಳನ್ನು ಕರೆತರಲು ಶಾಲೆಯಿದ್ದ ಇಗರ್ಜಿಯ ಊರಿಗೆ ಹೋಗಿದ್ದಳು. ಎಂಟು ಗಂಟೆಯ ಬ್ಯಾಟರಿ ಇದೆಯಲ್ಲ ಎಂದು ಗಾಬರಿಯಾಗಲಿಲ್ಲ. ಹಿಂದಿರುಗುವಾಗ ರಸ್ತೆಗೆ ಮರ ಅಡ್ಡ ಬಿದ್ದಿತ್ತು. ಅದರಾಚೆ ಇನ್ನೊಂದು. ಇತ್ತ ಮನೆಯಲ್ಲಿ, ಒಲೆಯ ಮೇಲಿನ ಕಾಫಿ ಆರುವ ಮೊದಲೇ ಬ್ಯಾಟರಿ ಸತ್ತುಹೋಗಿತ್ತು. ಹಸಿರು ದೀಪಗಳೆಲ್ಲ ಉರಿಯುತ್ತಿದ್ದವು, ಒಮ್ಮೆಗೇ ಆರಿದವು, ಯಂತ್ರ ಅರಚಿತು.

ತೌನೋ ರಬ್ಬರಿನ ಗಾಳಿಚೀಲವನ್ನು ಮಗನ ಮುಖಕ್ಕೆ ಹಿಡಿದು ಕೈಯಿಂದಲೇ ಒತ್ತಿದರು. ಒತ್ತುತ್ತಲೇ ಹೋದರು. ಹೊರಗೆ ಕತ್ತಲಾಯಿತು, ಒಳಗೆ ಚಳಿ ಏರಿತು. ಆಂಬುಲೆನ್ಸಿನವರು ಮರಗಳನ್ನು ಗರಗಸದಿಂದ ಕೊಯ್ದುಕೊಂಡು ಬಂದಾಗ ಮುದುಕ ಮೊಣಕಾಲೂರಿ, ಮಡಚಲಾಗದ ಬೆರಳುಗಳನ್ನು ಬಿಟ್ಟು, ಮೊಣಕೈಯಿಂದ ಚೀಲ ಒತ್ತುತ್ತಿದ್ದರು. ಯಾರ್ಮೋ ಹೋಗಿಯಾಗಿತ್ತು.

“ನನ್ನ ಕೈ ನಿಂತ್ಹೋಯ್ತು,” ಎಂದು ಮಣ್ಣು ಮಾಡುವ ದಿನ ಅವರು ಪಾದ್ರಿಗೆ ಹೇಳಿದರು. ಊರವರು ಬಂದು, ಯಾರ ಕೈಯಾದರೇನು, ಅಷ್ಟು ಹೊತ್ತು ಯಾರಿಗಾಗುತ್ತೆ ಎಂದು ಸಮಾಧಾನ ಹೇಳಿದರೆ ತಲೆಯಾಡಿಸಿ, ಮತ್ತೆ ಅಂಗೈ ನೋಡಿಕೊಳ್ಳುತ್ತಿದ್ದರು.

ವಿರ್ಪಿ ಕ್ಲೇಮ್ ಹಾಕಿದ್ದು ಅದಕ್ಕೇ. ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಕೂತಿದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ತಪ್ಪು ಒಳಗಿನ ಸೆಲ್ಲಿನದೇ ಎಂದು ಅವಳಿಗೆ ಖಾತ್ರಿಯಿತ್ತು. ತಪ್ಪು ನಮ್ಮದು ಎಂದು ಕಂಪನಿಯವರು ಒಂದು ಮಾತು ಒಪ್ಪಿಕೊಂಡರೆ ಸಾಕು, ಅದನ್ನು ಅಜ್ಜನ ಮುಂದಿಟ್ಟು, ನೋಡಿ, ನಿಮ್ಮ ಕೈಯದಲ್ಲ, ಇವರದು ಎನ್ನಬಹುದು. ಮೊದಲ ಸಲ ಫೋನ್ ಮಾಡಿದಾಗ ಆ ಕಡೆಯ ಹುಡುಗಿ, “ನಿಮಗೆ ಬದಲಿ ಬ್ಯಾಟರಿ ಕಳಿಸ್ಲಾ?” ಎಂದು ಕೇಳಿದ್ದಳು.

“ಉಸಿರಾಡೋರೇ ಇಲ್ಲ ಕಣಮ್ಮ. ಬದಲಿ ತಗೊಂಡು ಯಾರಿಗೆ ಹಾಕ್ಲಿ?” ಎಂದಿದ್ದಳು ವಿರ್ಪಿ. ಆ ಹುಡುಗಿ ಪಾಪ, ಅತ್ತುಬಿಟ್ಟಿದ್ದಳು.

ಉಬ್ಬಿದ ಬ್ಯಾಟರಿಯನ್ನು ಅಂಚೆಯವರು ಮುಟ್ಟುವುದಿಲ್ಲ, ದಾರಿಯಲ್ಲಿ ಹೊತ್ತಿಕೊಂಡೀತೆಂದು. ಹಾಗಾಗಿ ಕಂಪನಿಯೇ ಆಳನ್ನು ಕಳಿಸಿತು. ಬಂದವನ ಹೆಸರು ಕಿಮ್ಮೋ. ನಡುವಯಸ್ಸಿನವನು, ತೆಳ್ಳಗಿನ ಗಡ್ಡ, ಮೆಲುದನಿ. ಸೌದೆಮನೆಯ ಮೆಟ್ಟಿಲ ಮೇಲೆ ತಗಡಿನ ಬಕೆಟ್ಟಿನಲ್ಲಿಟ್ಟಿದ್ದ ಬ್ಯಾಟರಿಯನ್ನು ದಪ್ಪ ಕೈಗವಸು ತೊಟ್ಟು ಎತ್ತಿದ. ಕಾರಿನಿಂದ ತಂದ ಉಕ್ಕಿನ ಪೆಟ್ಟಿಗೆಯೊಳಗೆ ಮರಳು ಹಾಸಿ ಮಲಗಿಸಿದ.

“ತೊಟ್ಲಿಗೆ ಹಾಕ್ದಂಗೆ ಹಾಕ್ತಾನಲ್ಲ ಹೆಲ್ಸಿಂಕಿಯವ್ನು,” ಎಂದರು ಕಿಟಕಿಯಿಂದ ನೋಡುತ್ತಿದ್ದ ತೌನೋ. ವಿರ್ಪಿ ತಿರುಗಿ ನೋಡಿದಳು. ಅಜ್ಜ ಹೀಗೆ ಕೊಂಕು ಮಾತಾಡಿ ಎಷ್ಟು ದಿನವಾಗಿತ್ತು!

ಕಿಮ್ಮೋ ಬಾಗಿಲಲ್ಲೇ ಬೂಟು ಬಿಚ್ಚಿ ಒಳಗೆ ಬಂದ. ವಿರ್ಪಿ ಕಾಫಿ ಬಗ್ಗಿಸಿ, ಏಲಕ್ಕಿ ಬನ್ನು ಮುಂದಿಟ್ಟಳು.

“ನಾನು ಹೆಲ್ಸಿಂಕಿಯವನಲ್ಲ ಅಜ್ಜ, ತಾಂಪೆರೆಯವನು,” ಎಂದ ಕಿಮ್ಮೋ. ಕಿಟಕಿ ಅರ್ಧ ತೆರೆದಿದ್ದುದರಿಂದ ಅವನಿಗೆ ಎಲ್ಲ ಕೇಳಿಸಿತ್ತು.

“ಎರಡೂ ಒಂದೇ. ತಾಂಪೆರೆ ಅಂದ್ರೆ ಕಡಲಿಲ್ಲದ ಹೆಲ್ಸಿಂಕಿ. ಬನ್ ತಿನ್ನು.”

ಕಿಮ್ಮೋ ನಕ್ಕು ಬನ್ನು ಮುರಿದ. ಆಮೇಲೆ ಮುಖ ತಗ್ಗಿಸಿ, “ಕೆಲವು ಪ್ರಶ್ನೆ ಕೇಳ್ಲೇಬೇಕು. ಎಲ್ಲರಿಗೂ ಕೇಳೋದೇ, ತಪ್ಪು ತಿಳ್ಕೋಬೇಡಿ. ಎಲ್ಲಾದ್ರೂ ಬಿದ್ದಿತ್ತಾ?”

“ಇಲ್ಲ,” ಎಂದಳು ವಿರ್ಪಿ.

“ನೀರು ತಾಗಿತ್ತಾ?”

“ಇಲ್ಲ.”

“ತಣ್ಣಗಿದ್ದಾಗ ಚಾರ್ಜಿಗೆ ಹಾಕಿದ್ರಾ?”

“ಖಂಡಿತ ಇಲ್ಲ. ನರ್ಸು ಹೇಳಿದ್ರು, ಹಾಕ್ಬಾರ್ದು ಅಂತ.”

“ತುಂಬ ಬಿಸಿ ಏನಾದ್ರೂ?”

“ಬಿಸಿಯಾ? ಈ ಊರಲ್ಲಾ? ಜನವರೀಲಾ?” ವಿರ್ಪಿಗೆ ನಗು ಬಂದುಬಿಟ್ಟಿತು.

“ಚಳಿ ತಾಗೋಕೆ ನಾನು ಬಿಟ್ರೆ ತಾನೇ?” ಎಂದರು ತೌನೋ ಬೆಂಚಿನಿಂದ. ತಾನು ಪಟ್ಟ ಜತನದ ಬಗ್ಗೆ ಕೊನೆಗೂ ಒಬ್ಬ ಕೇಳಿದನಲ್ಲ ಎಂಬಂತೆ ಅವರ ಬೆನ್ನು ನೆಟ್ಟಗಾಗಿತ್ತು. “ಆಸ್ಪತ್ರೆಗೆ ಹೋಗ್ಬಂದಾಗೆಲ್ಲ ಅದು ವ್ಯಾನಲ್ಲಿ ಮಂಜುಗಡ್ಡೆ ಆಗಿರೋದು. ಹಂಗೇ ಚಾರ್ಜಿಗೆ ಹಾಕಿದ್ರೆ ಸತ್ತೇ ಹೋಗುತ್ತೆ ಅಂದಿದ್ರು ನರ್ಸಮ್ಮ. ನಾನು ಸೌನಾಕ್ಕೆ ಒಯ್ತಿದ್ದೆ.”

ಕಿಮ್ಮೋ ಕಾಫಿ ಕಪ್ಪನ್ನು ತುಟಿಯ ಹತ್ತಿರವೇ ತಡೆದ. “ಸೌನಾಕ್ಕೆ?”

ಅಂಗಳದಾಚೆ, ಸರೋವರದ ದಂಡೆಯಲ್ಲಿದ್ದ ಕಪ್ಪು ಮರದ, ಬಿಸಿಹಬೆ ಸ್ನಾನದ ಗುಡಿಸಲಿನ ಕಡೆ ತೌನೋ ಗದ್ದ ಎತ್ತಿ ತೋರಿದರು. “ಒಲೆ ಉರಿಯೋವಾಗ ಅಲ್ಲಪ್ಪ, ನನಗೇನು ತಲೆ ಕೆಟ್ಟಿದೆಯಾ? ಶನಿವಾರ ನಮ್ದೆಲ್ಲ ಸ್ನಾನ ಆಗಿ, ಬಿಸಿ ಇಳೀತಾ ಬಂದ್ಮೇಲೆ. ಟವೆಲ್ ಸುತ್ತಿ, ಮೇಲಿನ ಹಲಗೆ ಮೇಲೆ. ಬೆಳಗಾಗೋವರೆಗೂ ಹಿತವಾದ ಕಾವು. ಮೊದ್ಲು ಆಸ್ಪತ್ರೆಗೆ ಹೋಗ್ಬಂದಾಗ ಮಾತ್ರ ಮಾಡ್ತಿದ್ದೆ, ಆಮೇಲೆ ಪ್ರತಿ ವಾರ ರೂಢಿ ಆಯ್ತು. ಬಲ ಬರುತ್ತಲ್ಲ. ನಾನೇ ಏಳು ತಿಂಗಳಿಗೆ ಹುಟ್ಟಿದ ಪಿಂಡ, ಅಂಗೈಯಗಲ. ಅದೇ ಹಲಗೆ ಮೇಲೆ ಮಲಗ್ಸಿ ನಮ್ಮಮ್ಮ ನನ್ನ ಬದುಕಿಸಿದ್ದು.”

“ಹಲಗೆ ಎಷ್ಟು ಬಿಸಿ ಇರ್ತಿತ್ತು ಅಜ್ಜ?”

“ಮುಟ್ಟಿದ್ರೆ ಚುರುಕ್ ಅನ್ನೋಷ್ಟು.”

ಕಿಮ್ಮೋ ಕಪ್ಪನ್ನು ಸದ್ದಾಗದಂತೆ ಕೆಳಗಿಟ್ಟ. ವಿರ್ಪಿ ಅವನ ಮುಖವನ್ನೇ ನೋಡುತ್ತಿದ್ದಳು. ಶನಿವಾರದ ರಾತ್ರಿಗಳಲ್ಲಿ ಅವಳು ಯಾರ್ಮೋನ ಪಕ್ಕ ಕುರ್ಚಿಯಲ್ಲೇ ತೂಕಡಿಸುತ್ತಿದ್ದವಳು. ಬ್ಯಾಟರಿಯ ಆರೈಕೆ ಅಜ್ಜನದು, ಎಲ್ಲಿಗೆ ಒಯ್ಯುತ್ತಾರೆಂದು ಅವಳು ಕೇಳಿದ್ದೇ ಇಲ್ಲ.

“ಕಾಫಿ ಚೆನ್ನಾಗಿತ್ತು. ಪೆಟ್ಟಿಗೆ ಸರಿಯಾಗಿ ಮುಚ್ಚಿದೀನಾ ನೋಡ್ಬರ್ತೀನಿ,” ಎಂದು ಕಿಮ್ಮೋ ಎದ್ದ. ವಿರ್ಪಿ ಶಾಲು ಹೊದ್ದು ಹಿಂದೆಯೇ ಹೋದಳು.

ಕಾರಿನ ಬಳಿ ಕಿಮ್ಮೋ ಪೆಟ್ಟಿಗೆಯ ಚಿಲಕ ಎಳೆದು ನೋಡಿದ. ಸೂರಿನ ಹಿಮ ಬಿಸಿಲಿಗೆ ಕರಗಿ ತೊಟ್ಟಿಕ್ಕುತ್ತಿತ್ತು.

“ಅದೇನಾ?” ಎಂದಳು ವಿರ್ಪಿ.

“ಅದೇ ಅನ್ಸುತ್ತೆ. ಅಷ್ಟು ಬಿಸಿ ಇವಕ್ಕೆ ಆಗಲ್ಲ. ಒಂದೇ ದಿನಕ್ಕೆ ಸಾಯಲ್ಲ, ವಾರ ವಾರ ಸ್ವಲ್ಪ ಸ್ವಲ್ಪ ಒಳಗೇ ಬೇಯ್ತವೆ. ದೀಪ ಮಾತ್ರ ಹಸಿರೇ ತೋರಿಸ್ತಿರುತ್ತೆ.”

“ನೀನು ಕೇಳಿಸ್ಕೊಂಡೇ ಇಲ್ಲ ಅಂದ್ಕೋ. ಅಷ್ಟು ಮಾಡು.”

“ನಾನು ಅಂದ್ಕೊಂಡ್ರೂ ಅದು ಅಂದ್ಕೊಳಲ್ಲ.” ಅವನು ಪೆಟ್ಟಿಗೆಯ ಮೇಲೆ ಕೈಯಿಟ್ಟ. “ಎಷ್ಟು ಬಿಸಿ ತಿಂದಿದೆ ಅಂತ ಒಳಗಿನ ಚಿಪ್‌ನಲ್ಲಿ ದಾಖಲಾಗಿರುತ್ತೆ. ಬಿಚ್ಚಿದ ತಕ್ಷಣ ಕಾಣುತ್ತೆ, ಕ್ಲೇಮ್ ತಿರಸ್ಕಾರ ಆಗುತ್ತೆ. ಯಾಕೆ ಅಂತಾನೂ ಬರೀತಾರೆ.”

“ಹಾಗಾದ್ರೆ ಬಿಚ್ಚಲೇಬೇಡಿ. ಕ್ಲೇಮ್ ವಾಪಸ್ ತಗೋತೀನಿ. ಕಂಪನಿ ತಪ್ಪು ಒಪ್ಕೊಂಡಿದೆ ಅಂತ ಅಜ್ಜನಿಗೆ ನಾನೇ ಹೇಳ್ತೀನಿ. ಸುಳ್ಳು ನನ್ನದು, ಪಾಪ ನನ್ನದು. ನಿನಗೇನು ಕಷ್ಟ?”

“ನನಗೇನೂ ಇಲ್ಲ. ಬಾಯಿ ಬಿಡಲ್ಲ.” ಕಿಮ್ಮೋ ಬಾಗಿಲ ಹಿಡಿಗೆ ಕೈ ಹಾಕಿದವನು ಅಲ್ಲೇ ನಿಂತ. “ಒಂದು ಕೇಳ್ತೀನಿ. ಈ ಕಾವು ಕೊಡೋ ವಿಷಯ ಅಜ್ಜ ಬೇರೆ ಯಾರಿಗಾದ್ರೂ ಹೇಳಿದಾರಾ? ಇದೇ ಬ್ಯಾಟರಿ ಇರೋರಿಗೆ?”

ವಿರ್ಪಿ ಇಲ್ಲ ಎನ್ನಲು ಬಾಯಿ ತೆರೆದಳು. ಆಗ ನೆನಪಾಯಿತು. ಸರೋವರದಾಚೆ ದಡದ ಐಲಾ. ಅವಳ ಮಗ ಏತುವಿಗೂ ಇದೇ ಯಂತ್ರ, ಇದೇ ಬ್ಯಾಟರಿ. ಹುಡುಗನಿಗೆ ಹದಿನೈದೂ ತುಂಬಿಲ್ಲ. ಆಸ್ಪತ್ರೆಯ ಮೊಗಸಾಲೆಯಲ್ಲಿ ಅಜ್ಜ, ಐಲಾ ತಲೆಗೆ ತಲೆ ಕೊಟ್ಟು ಹರಟುತ್ತಿದ್ದರು. ಮಣ್ಣು ಮಾಡುವ ದಿನ ಐಲಾ ಅಜ್ಜನನ್ನು ತಬ್ಬಿಕೊಂಡು, “ನೀವು ಹೇಳ್ಕೊಟ್ಟಂಗೇ ಮಾಡ್ತಿದೀವಿ ಅಜ್ಜ, ಒಂದು ವಾರಾನೂ ತಪ್ಪಿಸಿಲ್ಲ,” ಎಂದಿದ್ದಳು. ಪ್ರಾರ್ಥನೆಯ ವಿಷಯವಿರಬೇಕು ಎಂದುಕೊಂಡಿದ್ದಳು ವಿರ್ಪಿ.

ಅವಳು ಹೇಳಿದ್ದನ್ನು ಕೇಳಿ ಕಿಮ್ಮೋ ಕಣ್ಣು ಮುಚ್ಚಿಕೊಂಡ. “ಕಾರಲ್ಲಿ ಹೊಸದೊಂದಿದೆ. ಅವರ ಮನೆಗೆ ನಾನೇ ಹೋಗ್ತೀನಿ. ನಿಮ್ಮ ಹೆಸರು ಎತ್ತಲ್ಲ.”

“ನೀನು ಎತ್ತದಿದ್ರೆ ಏನಂತೆ? ನೀನು ಹೊರಟ ಮರುಕ್ಷಣ ಅವಳು ಫೋನ್ ಮಾಡೋದು ಅಜ್ಜನಿಗೇ. ಅಜ್ಜ, ಸೌನಾ ಬ್ಯಾಟರಿಗೆ ವಿಷ ಅಂತೆ, ನಿಮಗೆ ಗೊತ್ತಿತ್ತಾ ಅಂತ.” ವಿರ್ಪಿ ಶಾಲನ್ನು ಬಿಗಿಯಾಗಿ ಎಳೆದುಕೊಂಡಳು. “ಫೋನಲ್ಲಿ ಗೊತ್ತಾಗೋದು ಬೇಡ. ಹೋಗ್ಬೇಡ, ಸ್ವಲ್ಪ ಇರು.”

ಒಳಗೆ ಬಂದಾಗ ತೌನೋ ಅವಳಿಗೆಂದು ಇನ್ನೊಂದು ಕಪ್ ಕಾಫಿ ಬಗ್ಗಿಸಿಟ್ಟಿದ್ದರು. ಗಂಜಿಯ ಬಟ್ಟಲು ಖಾಲಿಯಾಗಿತ್ತು. ಮೂಲೆಯಲ್ಲೂ ಒಂದಗುಳು ಇರಲಿಲ್ಲ.

“ಏನಂದ ತಾಂಪೆರೆ? ಒಪ್ಕೊಂಡ್ರಾ, ತಪ್ಪು ಅವರದೇ ಅಂತ?”

ಅವಳು ಎದುರು ಕುಳಿತು ಅವರ ಎರಡೂ ಕೈಗಳನ್ನು ಹಿಡಿದುಕೊಂಡಳು. ಸಣ್ಣವಳಿದ್ದಾಗ ಹಿಲ್ಲಾಳಿಗೆ ಇಂಜೆಕ್ಷನ್ ಚುಚ್ಚಿಸುವಾಗ ಹೀಗೇ ಹಿಡಿಯುತ್ತಿದ್ದಳು.

“ಅಜ್ಜ, ಮೊದ್ಲು ಇದನ್ನ ಕೇಳಿ. ಆ ದಿನ ನಿಮ್ಮ ಕೈ ಎಷ್ಟು ಹೊತ್ತು ಉಸಿರು ಕೊಡ್ತೋ ಅಷ್ಟು ಇನ್ಯಾರ ಕೈಗೂ ಆಗ್ತಿರ್ಲಿಲ್ಲ. ಅದು ನಿಜ. ಯಾವತ್ತಿದ್ರೂ ನಿಜ.”

“ಆಮೇಲೆ?”

“ಬ್ಯಾಟರಿ ಕೆಟ್ಟಿದ್ದು ಬಿಸಿಗೆ.”

ಅವರಿಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಆದದ್ದು ಅವಳಿಗೆ ಕಾಣಿಸಿತು, ಮೊದಲು ಕಣ್ಣಿನಲ್ಲಿ, ಆಮೇಲೆ ಭುಜದಲ್ಲಿ.

“ಸೌನಾದ್ದಾ?”

“ಹೂಂ.”

“ಟವೆಲ್ ಸುತ್ತಿದ್ದೆನಲ್ಲ.”

“ಹೂಂ, ಅಜ್ಜ.”

“ಬೆಚ್ಚಗಿಡಿ ಅಂತ ನರ್ಸಮ್ಮನೇ ಹೇಳಿದ್ರಲ್ಲ.”

“ಹೇಳಿದ್ರು. ಅಷ್ಟು ಬಿಸಿ ಅಂತ ಯಾರೂ ಹೇಳಿರ್ಲಿಲ್ಲ. ನನಗೂ ಗೊತ್ತಿರ್ಲಿಲ್ಲ. ಗೊತ್ತಿದ್ರೆ ನಾನೇ…”

ತೌನೋ ಮೆಲ್ಲನೆ ಕೈ ಬಿಡಿಸಿಕೊಂಡರು. ವಿರ್ಪಿ ಅವರ ಅಳುವಿಗೆ, ಕೂಗಿಗೆ, ಯಾವುದಕ್ಕಾದರೂ ಸಿದ್ಧಳಾಗಿದ್ದಳು. ಅವರು ಮೇಜಿನ ಅಂಚನ್ನು ಹಿಡಿದು ಎದ್ದು ನಿಂತರು.

“ಐಲಾ,” ಎಂದರು.

ಅವಳು ಇನ್ನೂ ಆ ಹೆಸರು ಎತ್ತಿರಲಿಲ್ಲ.

“ಫೋನ್ ಕೊಡು. ಅವಳ ನಂಬರ್ ಒತ್ತು, ನನಗೆ ಕಾಣಲ್ಲ.”

ಆ ಕಡೆ ಐಲಾಳ ದನಿ ಗಲಗಲ ಎಂದಿತು. ಏತು ಇವತ್ತು ಅಪ್ಪನನ್ನು ಚದುರಂಗದಲ್ಲಿ ಸೋಲಿಸಿದನಂತೆ, ಅಪ್ಪನಿಗೆ ಮುಖ ಊದಿಕೊಂಡಿದೆಯಂತೆ. ತೌನೋ ಅದನ್ನೆಲ್ಲ ಕೇಳಿಸಿಕೊಂಡರು. ಮುಗಿದ ಮೇಲೆ ಹೇಳಿದರು.

“ಐಲಾ, ಆ ಸೌನಾದ್ದು ಹೇಳಿದ್ನಲ್ಲ, ಅದನ್ನ ಮಾಡ್ಬೇಡ. ಇಲ್ಲ, ಕೇಳು. ಸುಮ್ನೆ ಕೇಳು. ಅದರಿಂದಾನೇ ಅದು ಕೆಡೋದು. ಯಾರ್ಮೋನ್ನ ತೆಗೆದಿದ್ದೂ ಅದೇ. ಹೌದು. ನಾನೇ ಮಾಡಿದ್ದು, ಶನಿವಾರ ಶನಿವಾರ. ಹಸಿರು ದೀಪ ನಂಬ್ಬೇಡ, ಅದು ಸುಳ್ಳು ಹೇಳುತ್ತೆ… ಅಳ್ಬೇಡ. ಅಳೋದು ಆಮೇಲೆ. ಏತು ಹತ್ರ ಯಾರಿದಾರೆ? ಸರಿ, ಅಲ್ಲೇ ಇರ್ಲಿ. ಕಂಪನಿಯವನು ಇಲ್ಲೇ ಇದಾನೆ, ಹೊಸದು ತರ್ತಾನೆ. ಈಗ್ಲೇ ಕಳಿಸ್ತೀನಿ.”

ಫೋನನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಅವರು ಹೊರಗೆ ನಡೆದರು. ಅದರೊಳಗಿಂದ ಐಲಾಳ ದನಿ ಇನ್ನೂ, “ಅಜ್ಜ? ಅಜ್ಜ?” ಎನ್ನುತ್ತಿತ್ತು. ವಿರ್ಪಿ ಅದನ್ನು ಎತ್ತಿ, “ನಾನು ವಿರ್ಪಿ. ಆಮೇಲೆ ಮಾಡ್ತೀನಿ ಕಣೇ,” ಎಂದಳು.

ಕಿಟಕಿಯಲ್ಲಿ ಕಂಡಿತು. ಕಿಮ್ಮೋ ಕಾರಿನ ಗಾಜು ಇಳಿಸಿದ್ದ. ತೌನೋ ಬಗ್ಗಿ ಅವನಿಗೆ ದಾರಿ ಹೇಳುತ್ತಿದ್ದರು. ತೋಳು ಚಾಚಿ, ಇಲ್ಲಿ ಎಡಕ್ಕೆ, ಸೇತುವೆ ದಾಟಿ ಬಲಕ್ಕೆ, ಸರೋವರದ ಮೇಲಿನ ಮಂಜುಗಡ್ಡೆಯ ರಸ್ತೆ ಬೇಡ, ಮಾರ್ಚಿನಲ್ಲಿ ಅದನ್ನು ನಂಬುವಂತಿಲ್ಲ. ಕಿಮ್ಮೋ ಏನೋ ಹೇಳಲು ಹೋದ. ಅವರು ಕಾರಿನ ಮಾಡನ್ನು ಅಂಗೈಯಿಂದ ಬಡಿದರು, ಹೊರಡು ಎಂದು.

ಕಾರು ತಿರುವಿನಲ್ಲಿ ಮರೆಯಾಯಿತು. ತೌನೋ ಹಿಂದಿರುಗಲಿಲ್ಲ. ಬರಿಯ ಕಾಲುಚೀಲದಲ್ಲಿ, ಕರಗುತ್ತಿದ್ದ ಹಿಮದ ನಡುವೆ, ರಸ್ತೆಯ ಕಡೆ ಮುಖ ಮಾಡಿ ನಿಂತೇ ಇದ್ದರು. ಐಲಾಳ ಮನೆಗೆ ದೂರವಿತ್ತು. ಹೊಸ ಬ್ಯಾಟರಿ ತಲುಪಿತೆಂಬ ಸುದ್ದಿ ಬರುವವರೆಗೂ ಅವರು ಒಳಗೆ ಬರುವುದಿಲ್ಲವೆಂದು ವಿರ್ಪಿಗೆ ಗೊತ್ತಾಯಿತು. ಅವಳು ಬಾಗಿಲ ಬಳಿಯಿದ್ದ ಅವರ ಬೂಟುಗಳನ್ನೂ ಉಣ್ಣೆಯ ಕಂಬಳಿಯನ್ನೂ ಎತ್ತಿಕೊಂಡು, ಫೋನನ್ನು ಜೇಬಿಗೆ ಹಾಕಿ, ಮೆಟ್ಟಿಲಿಳಿದಳು.