ತಮ್ಮ ಕೊಟ್ಟ ಬಾಟಲಿ

"ಸಕ್ಕರೆ ಇಲ್ಲ ತಾನೆ ಡಾಕ್ಟ್ರೇ?"

ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಡ್ರೈವರು ಕೇಳಿಬಿಟ್ಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅವನಾಗಿ ಬಾಯಿಬಿಡದಿದ್ದರೆ ಯಾರೂ ಆ ಮಾತೆತ್ತುತ್ತಿರಲಿಲ್ಲ. ಬಸ್ ಡಿಪೋದ ವಾರ್ಷಿಕ ತಪಾಸಣೆಯ ಫಲಿತಾಂಶ ಬಂದಿತ್ತು. ಡಾಕ್ಟರಮ್ಮ ಫೈಲಿನಿಂದ ಕಣ್ಣೆತ್ತಲಿಲ್ಲ.

"ಸಕ್ಕರೆ ಇಲ್ಲ. ಪ್ರೋಟೀನ್ ಇದೆ. ಮೂರು ಪ್ಲಸ್."

ಡ್ರೈವರಿಗೆ ಹೋದ ಜೀವ ಬಂದಂತಾಯಿತು. ಸಕ್ಕರೆ ಇರುವುದಾದರೂ ಹೇಗೆ? ಬಾಟಲಿಯಲ್ಲಿದ್ದದ್ದು ಅವನ ಮೂತ್ರವೇ ಅಲ್ಲ. ಮೂರು ವರ್ಷದ ಹಿಂದೆ ಹೊರಗಿನ ಲ್ಯಾಬಿನವರು ಸಕ್ಕರೆ ಕಾಯಿಲೆ ಎಂದಾಗ, ಸ್ಟೀರಿಂಗ್ ಕೈತಪ್ಪೀತೆಂದು ಅವನು ಮಗುವಿನಂತೆ ಅತ್ತಿದ್ದ. ಟೈಲರ್ ತಮ್ಮ ನಕ್ಕಿದ್ದ. "ಅಯ್ಯೋ, ಇಷ್ಟೇನಾ ಅಣ್ಣ? ನಂದು ತಗೊಂಡ್ಹೋಗು. ಹೇಗೂ ಚೆಲ್ಲೋದೇ ತಾನೆ!" ಅಂದಿನಿಂದ ವರ್ಷವರ್ಷವೂ ತಮ್ಮನ ಮೂತ್ರ, ಆರದಿರಲೆಂದು ಅಣ್ಣನ ಕಂಕುಳಲ್ಲಿ ಬೆಚ್ಚಗೆ ಕುಳಿತು ಡಿಪೋಗೆ ಬರುತ್ತಿತ್ತು.

ಡಾಕ್ಟರಮ್ಮ ಫೈಲು ತಿರುಗಿಸಿದರು. "ಇಲ್ನೋಡಿ. ಮೊದಲನೇ ವರ್ಷ ಇತ್ತೋ ಇಲ್ವೋ ಅನ್ನೋಷ್ಟು. ಹೋದ ವರ್ಷ ಒಂದು ಪ್ಲಸ್. ಈಗ ಮೂರು. ಮತ್ತೆ ಬಂದು ತೋರಿಸಿ ಅಂತ ಆಗಲೇ ಚೀಟಿ ಕಳಿಸಿದ್ದೆನಲ್ಲ?"

ಕಳಿಸಿದ್ದರು. ಅವನು ಓದಿಯೂ ಇದ್ದ. ಸಕ್ಕರೆಯ ಮುಂದೆ 'ಇಲ್ಲ' ಎಂದಿದ್ದನ್ನು ಎರಡು ಸಲ ಓದಿ ಖುಷಿಪಟ್ಟು, ಚೀಟಿಯನ್ನು ಉಂಡೆ ಮಾಡಿ ಬಸ್ಸಿನ ಕಿಟಕಿಯಿಂದ ಎಸೆದಿದ್ದ. ಪ್ರೋಟೀನ್ ಹೋದರೆ ನಮ್ಮಪ್ಪನ ಗಂಟೇನು ಹೋಗುತ್ತೆ ಎಂದುಕೊಂಡಿದ್ದ.

"ಪ್ರೋಟೀನು ಒಳ್ಳೇದೇ ಅಲ್ವಾ ಮೇಡಂ?"

"ಮೈಯೊಳಗಿದ್ರೆ ಒಳ್ಳೇದು. ಕಿಡ್ನಿ ಜರಡಿ ಇದ್ದ ಹಾಗೆ. ಕಸ ಆಚೆ ಬಿಡಬೇಕು, ಪ್ರೋಟೀನ್ ಒಳಗೇ ಹಿಡ್ಕೋಬೇಕು. ಅದೇ ಸೋರ್ತಿದೆ ಅಂದ್ರೆ ಜರಡಿ ಹರೀತಿದೆ ಅಂತ. ಸೋರಿದಷ್ಟೂ ಇನ್ನಷ್ಟು ಹಾಳಾಗುತ್ತೆ. ನೋವಿಲ್ಲ, ಉರಿಯಿಲ್ಲ. ಗೊತ್ತಾಗೋ ಹೊತ್ತಿಗೆ ಎರಡೂ ಕಿಡ್ನಿ ಕೈಕೊಟ್ಟಿರುತ್ತೆ. ಹೋದ ವರ್ಷ ಬಂದಿದ್ರೆ ಮಾತ್ರೆ ಕೊಟ್ಟು ನಿಧಾನ ಮಾಡಬಹುದಿತ್ತು. ಈಗ ಎಷ್ಟು ಉಳಿದಿದೆ ಅಂತ ರಕ್ತ ನೋಡಿ ಹೇಳ್ಬೇಕು. ಬೆಳಿಗ್ಗೆ ಮುಖ ಊದಿರುತ್ತಾ?"

ಡ್ರೈವರಿಗೆ ನೆನಪಾಯಿತು. ಮೊನ್ನೆ ಬಾಟಲಿ ಕೊಡಲು ಬಂದ ತಮ್ಮನ ಕಣ್ಣುಗಳ ಸುತ್ತ ಬಾತುಕೊಂಡಿತ್ತು. "ಏನೋ, ಹೆಂಡ್ತಿ ಕೈಲಿ ಏಟು ತಿಂದ್ಯಾ?" ಎಂದು ತಾನೇ ರೇಗಿಸಿದ್ದ.

"ಅದು ನಂದಲ್ಲ ಡಾಕ್ಟ್ರೇ."

"ಯಾವ್ದು?"

"ಮೂತ್ರ. ನನಗೆ ಸಕ್ಕರೆ ಇದೆ. ಅದು ನನ್ನ ತಮ್ಮಂದು. ಮೂರು ವರ್ಷದ್ದೂ."

ಡಾಕ್ಟರಮ್ಮ ಅವನನ್ನೇ ನೋಡಿದರು. ಬೈಯುತ್ತಾರೆಂದುಕೊಂಡ; ಬೈಯಲಿಲ್ಲ. "ಇದನ್ನ ನಾನು ಬರೀಲೇಬೇಕಾಗುತ್ತೆ. ನಿಮ್ಮ ಕೆಲಸ..."

"ಬರೀರಿ. ಅವನನ್ನ ಯಾವಾಗ ಕರ್ಕೊಂಡು ಬರ್ಲಿ?"

"ಈಗಲೇ."

ತಮ್ಮನ ಅಂಗಡಿ ಒಂದು ಕಟ್ಟಡದ ಮೆಟ್ಟಿಲ ಕೆಳಗಿತ್ತು. ಒಳಗೆ ಮೆಷಿನ್ನು, ಅವನು, ಬಟ್ಟೆಯ ರಾಶಿ, ಅಷ್ಟಕ್ಕೇ ಜಾಗ. ಅಂಗಿಯೊಂದಕ್ಕೆ ತೋಳು ಕೂಡಿಸುತ್ತಿದ್ದವನು ಅಣ್ಣನನ್ನು ಕಂಡು ಹಲ್ಲುಬಿಟ್ಟ.

"ಪಾಸಾ ಅಣ್ಣ? ನಂದು ಯಾವತ್ತಾದ್ರೂ ಫೇಲಾಗುತ್ತಾ?"

ಡ್ರೈವರು ಬಟ್ಟೆಯ ರಾಶಿಯ ಮೇಲೆಯೇ ಕುಸಿದು ಕುಳಿತ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದ. ಜರಡಿಯ ಮಾತನ್ನೂ ಬಿಡಲಿಲ್ಲ. ತಮ್ಮ ಮೆಷಿನ್ನು ನಿಲ್ಲಿಸಿದ.

"ಎಷ್ಟು ದಿನದಿಂದ ಇದೆಯಂತೆ?"

ಗೊತ್ತಿಲ್ಲ ಎನ್ನಬಹುದಿತ್ತು. ಆ ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು.

"ಹೋದ ವರ್ಷಾನೇ ಚೀಟಿ ಬಂದಿತ್ತು ಕಣೋ."

"ನೀನು ಓದಿದ್ಯಾ?"

"ಓದಿದ್ದೆ. ನಂದಲ್ವಲ್ಲ ಅಂತ ಬಿಸಾಕ್ಬಿಟ್ಟೆ. ನನ್ನ ಕಣ್ಣಿಗೆ ಮಣ್ಣು ಹಾಕ, ಸಕ್ಕರೆ ಬಿಟ್ಟು ಇನ್ನೇನೂ ಕಾಣಲಿಲ್ಲ ಕಣೋ." ಡ್ರೈವರು ಬಿಕ್ಕಿದ. "ಎದ್ದೇಳೋ, ಹೋಗೋಣ. ಡಾಕ್ಟ್ರು ಕಾಯ್ತಿದ್ದಾರೆ."

ತಮ್ಮ ಏಳಲಿಲ್ಲ. ಮೆಷಿನ್ನಿಗೆ ಬಾಗಿ ತುಳಿಯತೊಡಗಿದ. ಅಂಗಿ ಆಗಲೇ ಜಾರಿ ಅವನ ಮಡಿಲಿಗೆ ಬಿದ್ದಿತ್ತು. ಬಟ್ಟೆಯೇ ಇಲ್ಲದ ತಗಡಿನ ಮೇಲೆ ಸೂಜಿ ಏರಿ ಇಳಿಯುತ್ತಿತ್ತು. ಅವನು ತುಳಿಯುತ್ತಲೇ ಇದ್ದ.