ಪಾದರಸ ಓದುವ ಮುನಿಶಾಮಮ್ಮ

“ಯಾರ್ರೀ ಅಳೆದಿದ್ದು ಅದನ್ನ? ಎ.ಸಿ. ರೂಮಲ್ಲಿ ಕೂತ್ಕೊಂಡು ಬರೆದಿರೋದು ಕಣ್ರೀ!”

ವೀರಬಸಪ್ಪ ಮೈಕಿನಲ್ಲಿ ಹೀಗೆಂದಾಗ ಶಾಮಿಯಾನದ ಕೆಳಗಿದ್ದ ಜನ ನಕ್ಕರು. ಮುನಿಶಾಮಮ್ಮ ನಗಲಿಲ್ಲ.

ಅದು ಎರಡು ಸಾವಿರದ ಹದಿನಾರರ ಏಪ್ರಿಲ್. ಕೋಗಿಲು ಬಡಾವಣೆಯ ರಸ್ತೆ ಅಗಲ ಮಾಡಲು ಮರ ಕಡಿಯುವ ಬಗ್ಗೆ ಕರೆದಿದ್ದ ಸಭೆ. ಮರ ಹೋದರೆ ಸೆಕೆ ಇನ್ನೂ ಏರುತ್ತದೆಂದು ಅಂಕಿಅಂಶ ಸಮೇತ ಹೇಳುವ ವಿಜ್ಞಾನಿಗಳ ವರದಿಯೊಂದನ್ನು ಯಾರೋ ಓದಿದ್ದೇ ತಡ, ವಾರ್ಡಿನ ಮುಖಂಡ ವೀರಬಸಪ್ಪ ಮೈಕು ಕಿತ್ತುಕೊಂಡಿದ್ದ.

“ಭೂಮಿ ಬಿಸಿಯಾಗ್ತಿದೆ ಅನ್ನೋದೆಲ್ಲ ಫಾರಿನ್ ದುಡ್ಡು ತಿಂದೋರ ಕಥೆ. ನಮ್ ಏರಿಯಾ ಉದ್ಧಾರ ಆಗ್ಬಾರ್ದು ಅಂತ. ಬೇಸಿಗೇಲಿ ಬಿಸಿಲಲ್ದೆ ಹಿಮ ಬೀಳುತ್ತಾ?”

ಮುನಿಶಾಮಮ್ಮ ಇಪ್ಪತ್ತೊಂದು ವರ್ಷದಿಂದ ಹವಾಮಾನ ಕೇಂದ್ರವೊಂದರಲ್ಲಿ ಕೆಲಸಕ್ಕಿದ್ದಳು. ಬಯಲಲ್ಲಿ ನಿಲ್ಲಿಸಿದ ಬಿಳಿಯ ಮರದ ಗೂಡಿನ ಬಾಗಿಲು ತೆರೆದು, ತನ್ನ ಉಸಿರು ತಾಕದಂತೆ ಬಾಯಿಗೆ ಸೆರಗು ಹಿಡಿದು, ಒಳಗಿನ ಉಷ್ಣಮಾಪಕದಲ್ಲಿ ಪಾದರಸ ಎಲ್ಲಿ ನಿಂತಿದೆಯೆಂದು ಬರೆದಿಡುವುದು ಅವಳ ಕೆಲಸ; ವರದಿಯಲ್ಲಿದ್ದ ಅಂಕಿಗಳೂ ಅವಳು ಬರೆದಿಟ್ಟವೇ. ಮಾವ ತೀರಿಕೊಂಡ ದಿನವೂ ಹೋಗಿ ಬರೆದು ಬಂದಿದ್ದಳು. ಕೆಲಸ ಇನ್ನೂ ಗುತ್ತಿಗೆಯದ್ದೇ. ಕಾಯಂ ಮಾಡಿಸುತ್ತೇನೆಂದು ಅವಳ ಅರ್ಜಿ ಇಟ್ಟುಕೊಂಡಿದ್ದವನು ಇದೇ ವೀರಬಸಪ್ಪ.

ಅವಳು ಎದ್ದಳು. ವೀರಬಸಪ್ಪನ ಹಿಂದೆಯೇ ಓಡಾಡುವ ಅವಳ ಮೈದುನ ನರೇಂದ್ರ ಧಾವಿಸಿ ಬಂದ. “ಅತ್ಗೆ, ಸುಮ್ಕೆ ಕೂತ್ಕೊಳಿ. ನಿಮ್ ಕೆಲ್ಸ ವೀರಬಸಪ್ಪಣ್ಣನ ಕೈಲೈತೆ.”

ಅವಳು ಕೂರಲಿಲ್ಲ.

“ಅಣ್ಣಾ, ಬರ್ದೋಳು ನಾನು. ಎ.ಸಿ. ಇಲ್ಲ, ಫ್ಯಾನೂ ಇಲ್ಲ, ಬಯಲಾಗೆ ನಿಂತ್ಕೊಂಡು ಬರ್ದಿವ್ನಿ. ನಂಗ್ಯಾವ ಫಾರಿನ್ನೋರು ದುಡ್ ಕೊಟ್ರು?”

ನಗು ನಿಂತಿತು.

“ಎಷ್ಟು ಓದಿದ್ಯಮ್ಮಾ ನೀನು?” ಎಂದ ವೀರಬಸಪ್ಪ.

“ಏಳ್ನೇ ಕ್ಲಾಸು. ಗೆರೆ ಎಣ್ಸಾಕೆ ಅಷ್ಟು ಸಾಕು. ಮೊದ್ಲೆಲ್ಲ ಮೂವತ್ತೇಳು ಡಿಗ್ರಿ ಅಂತ ಬರ್ದ್ರೆ, ಇನ್ನೊಂದ್ಸಲ ನೋಡ್ಕೊಂಬಾ ಅಂತ ಸಾಹೇಬ್ರು ವಾಪಸ್ ಕಳ್ಸೋರು. ಈಗ ಅದು ಮಾಮೂಲಾಗೈತೆ, ಯಾರೂ ಕಳ್ಸಾಕಿಲ್ಲ. ನಾನು ಸುಳ್ ಬರ್ದಿವ್ನಿ ಅಂತ ನನ್ ಮುಖ ನೋಡ್ಕೊಂಡು ಯೋಳಿ ನೋಡಾನ.”

ವೀರಬಸಪ್ಪ ದನಿ ತಗ್ಗಿಸಿದ. “ನಿನ್ ಅರ್ಜಿ ನನ್ ಹತ್ರ ಇದೆ, ಮರೀಬೇಡ.”

“ಅರ್ದು ಬಿಸಾಕಿ. ಅದುಕ್ಕೆ ಪಾದರಸ ಕೆಳೀಕ್ ಇಳಿಯಾಕಿಲ್ಲ.”

ಅವನು ಅವಳತ್ತ ನೋಡುವುದನ್ನೇ ಬಿಟ್ಟು, “ಮರ ಕಡಿಯೋಕೆ ಒಪ್ಪಿಗೆ ಇರೋರು ಕೈ ಎತ್ತಿ” ಎಂದು ಕೂಗಿದ. ಮುಂದಿನ ಸಾಲಿನ ಅವನ ಕಡೆಯವರೆಲ್ಲ ಎತ್ತಿದರು. ನರೇಂದ್ರ ಎರಡೂ ಕೈ ಎತ್ತಿದ. ಮುನಿಶಾಮಮ್ಮ ಕೈಕಟ್ಟಿಕೊಂಡು ನಿಂತೇ ಇದ್ದಳು. ಪಕ್ಕದ ಕುರ್ಚಿಯಲ್ಲಿದ್ದ ನೆರೆಮನೆಯ ದಾನವ್ವ ಅರ್ಧ ಎತ್ತಿದ್ದ ಕೈಯನ್ನು ಇಳಿಸಿ, ಅದೇ ಕೈಯಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು.