ಆಯುಧಪೂಜೆಯ ದಿನ ಕಿತ್ತ ಪ್ಲಗ್

ಆಶ್ವೀಜದ ಬಿಸಿಲು ಏರುವ ಮೊದಲೇ ಜೀವರಸಾಯನ ವಿಭಾಗದಲ್ಲಿ ನೀರು ಚೆಲ್ಲಿ ನೆಲ ತೊಳೆಯುವ ಕೆಲಸ ನಡೆದಿತ್ತು. ಅಂದು ಆಯುಧಪೂಜೆ. ಪ್ರಯೋಗಾಲಯದ ಸಹಾಯಕ ಬೋರಲಿಂಗಯ್ಯ ಒದ್ದೆ ಬಟ್ಟೆಯಿಂದ ನನ್ನ ಬಾಗಿಲು ಒರೆಸಿ, ವಿಭೂತಿ ಎಳೆದು, ಕುಂಕುಮ ಇಟ್ಟ.

ನಾನು ಒಂದು ಫ್ರೀಜರ್. ಅಡುಗೆಮನೆಯದಲ್ಲ, ಮೈನಸ್ ಎಂಬತ್ತು ಡಿಗ್ರಿ ಚಳಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾತಿ. ಹುಟ್ಟಿದ್ದು ಕಾರ್ಖಾನೆಯೊಂದರ ತಗಡಿನ ಸೂರಿನ ಕೆಳಗೆ. ಹತ್ತು ವರ್ಷ ಔಷಧಿ ಕಂಪನಿಯಲ್ಲಿ ದುಡಿದೆ. ಅವರು ಹೊಸದನ್ನು ತಂದಾಗ ಲಾರಿ ಹತ್ತಿ ಹೆದ್ದಾರಿ ಪಕ್ಕದ ಈ ಖಾಸಗಿ ವಿಶ್ವವಿದ್ಯಾಲಯಕ್ಕೆ ಬಂದೆ.

ಇಲ್ಲಿ ನನ್ನ ಹೊಟ್ಟೆ ತುಂಬಿಸಿದವಳು ಹಂಸವೇಣಿ. ಮೊಳಕೆ ಹುರುಳಿಯ ಒಂದು ಪ್ರೋಟೀನಿನ ಮೇಲೆ ಅವಳ ಪಿಎಚ್.ಡಿ. ಒಂದು ಮೂಟೆ ಹುರುಳಿ ನೆನೆಸಿ, ಮೊಳಕೆ ಕಟ್ಟಿ, ಅರೆದು, ಸೋಸಿ, ಮತ್ತೆ ಸೋಸಿ ತಿಂಗಳು ಕಳೆದರೆ ಉಗುರಿನ ಮೇಲೆ ನಿಲ್ಲುವಷ್ಟು ಸಿಗುತ್ತಿತ್ತು. ಹಾಗೆ ಕೂಡಿಸಿದ ನಾಲ್ಕು ವರ್ಷದ ಫಸಲು ನನ್ನೊಳಗಿತ್ತು. ಕೊನೆಯ ಪ್ರಯೋಗ ಮಾತ್ರ ಉಳಿದಿತ್ತು. ಅದನ್ನು ಮೂರು ಸಲ ಮಾಡಿ, ಮೂರು ಸಲವೂ ಒಂದೇ ಉತ್ತರ ಬರಬೇಕು. ಮಾರ್ಚಿಗೆ ಅವಳ ಆರು ವರ್ಷದ ಅವಧಿ ಮುಗಿಯುತ್ತದೆ. ಅಷ್ಟರೊಳಗೆ ಪ್ರಬಂಧ ಸಲ್ಲಿಸದಿದ್ದರೆ ನೋಂದಣಿ ರದ್ದು.

"ಬೋರಣ್ಣ, ನಿಂಬೆಹಣ್ಣೆಲ್ಲ ಎಲ್ಲೋದ್ವು?" ಎಂದಳು ಹಂಸವೇಣಿ.

"ಗಿರಗಿರ ತಿರುಗೋ ಮಿಷನ್ನಿಗೇ ನಾಕು ಇಟ್ಟೆ ಕಣವ್ವ. ತಲೆಸುತ್ತು ಜಾಸ್ತಿ ಅದುಕ್ಕೆ."

ಎಲ್ಲರೂ ನಕ್ಕರು. ದೇವರ ಪಟಕ್ಕೆ ಸೀರಿಯಲ್ ಸೆಟ್ ಹಾಕಲು ಬೋರಲಿಂಗಯ್ಯ ಗೋಡೆಯ ಬಳಿ ಬಗ್ಗಿ ಒಂದು ಪ್ಲಗ್ ಕಿತ್ತ. ಅದು ನನ್ನದು. ಮಂಗಳಾರತಿಯಾಯಿತು, ಕಡ್ಲೆಪುರಿ ಹಂಚಿದರು. ಹೋಗುವಾಗ ಸೀರಿಯಲ್ ಸೆಟ್ಟಿನ ಸ್ವಿಚ್ ಆರಿಸಿ, ಬೀಗ ಹಾಕಿಕೊಂಡು ಎಲ್ಲರೂ ಹೊರಟರು. ಮಾರನೆಯ ದಿನ ವಿಜಯದಶಮಿ, ರಜೆ.

ಮೈನಸ್ ಅರವತ್ತು. ನಲವತ್ತು. ಇಪ್ಪತ್ತು. ಚಳಿ ನನ್ನಿಂದ ಇಳಿದು ಹೋಗುತ್ತಿತ್ತು. ಕರೆಂಟು ತಪ್ಪಿದೊಡನೆ ಕೂಗಲೆಂದೇ ನನಗೊಂದು ಅಲಾರಂ ಇತ್ತು. ಬಾಗಿಲು ತೆರೆದಾಗಲೆಲ್ಲ ಕಿರುಚುತ್ತೇನೆಂದು ಹಂಸವೇಣಿಯೇ ಬೇಸಿಗೆಯಲ್ಲಿ ಅದರ ಬ್ಯಾಟರಿ ತೆಗೆದಿದ್ದಳು. ಹೊಟ್ಟೆಯೊಳಗೆ ತೊಟ್ಟಿಕ್ಕುವ ಸದ್ದು ಕೇಳುತ್ತಾ ನಿಂತೆ.

ರಜೆ ಮುಗಿದ ಬೆಳಿಗ್ಗೆ ಅವಳ ಚಪ್ಪಲಿ ನೀರಿನಲ್ಲಿ ಜಾರಿತು. ಬಾಗಿಲು ತೆರೆದಳು. ಒಂದು ಕೊಳವೆ ಎತ್ತಿ ಅಲ್ಲಾಡಿಸಿದಳು, ಇನ್ನೊಂದು, ಮತ್ತೊಂದು. ಎಲ್ಲ ಕರಗಿ ನೀರು, ಕೆಟ್ಟ ಪ್ರೋಟೀನು.

"ನಾನೇ ಕಣವ್ವ," ಬೋರಲಿಂಗಯ್ಯ ಗೋಡೆ ಹಿಡಿದುಕೊಂಡ. "ಓವನ್ನಿನ ಪ್ಲಗ್ ಅಂದ್ಕಂಡೆ."

ಅವಳ ಮಾರ್ಗದರ್ಶಕಿ ಅನಸೂಯಾ ಮೇಡಂ ಬಂದು ನೋಡಿದರು. ಅವಳನ್ನು ನನ್ನ ಮರೆಗೆ ಕರೆದು ಮೆಲ್ಲಗೆ ಹೇಳಿದರು: "ಕಿತ್ತವರ ಹೆಸರು ಬರೆದುಕೊಡು. ಬೇರೆಯವರ ತಪ್ಪು ಅಂತಾದ್ರೆ ಮಾತ್ರ ಆರು ತಿಂಗಳು ಹೆಚ್ಚಿಗೆ ಸಿಗುತ್ತೆ."

"ಬೋರಣ್ಣಂದು ಗುತ್ತಿಗೆ ಕೆಲ್ಸ, ಮೇಡಂ."

"ನಿಂದು ಆರು ವರ್ಷ, ಹಂಸಾ."

ಮಧ್ಯಾಹ್ನದವರೆಗೂ ಬಿಳಿ ಹಾಳೆ ಅವಳ ಮುಂದಿತ್ತು. ಬೋರಲಿಂಗಯ್ಯ ಒಣಗಿದ ನೆಲವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ.

"ಬರ್ಕೊಡವ್ವ. ಹೋದ್ರೆ ಹೋಯ್ತದೆ," ಎಂದ. ಬಟ್ಟೆಯನ್ನು ಮತ್ತೊಮ್ಮೆ ಹಿಂಡಿದ.

ಅವಳು ನನ್ನ ತಲೆಯ ಮೇಲಿನ ಖಾಲಿ ಬ್ಯಾಟರಿ ಗೂಡನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ನನ್ನ ಬಾಗಿಲಿಗೇ ಹಾಳೆ ಒತ್ತಿ ಬರೆದಳು: ಅಲಾರಂ ಬಾಯಿ ಮುಚ್ಚಿಸಿದವಳು ನಾನು. ತಪ್ಪು ನನ್ನದು.

ಹೆಚ್ಚಿನ ಕಾಲ ಸಿಗಲಿಲ್ಲ.

ಐದು ತಿಂಗಳು ಬೋರಲಿಂಗಯ್ಯ ಅವಳ ಜೊತೆ ನಿಂತು ಹುರುಳಿ ನೆನೆಸಿದ, ಅರೆದ. ಐಸಿನ ಮೇಲೆ ಕೈಯಿಟ್ಟು ಇಬ್ಬರ ಬೆರಳೂ ಒಡೆದವು. ಕೂಡಿದ್ದು ಒಂದು ಸಲದ ಪ್ರಯೋಗಕ್ಕೆ ಮಾತ್ರ ಸಾಕಾಯಿತು. ಪ್ರಬಂಧದಲ್ಲಿ ಅಷ್ಟನ್ನೇ ಬರೆದು ಕೊಟ್ಟಳು.

ಮೌಖಿಕ ಪರೀಕ್ಷೆಯ ದಿನ ಒಳಗೆ ಚಹಾ ಕೊಟ್ಟು ಬಂದ ಬೋರಲಿಂಗಯ್ಯ ಇನ್ನೊಬ್ಬ ಸಹಾಯಕನಿಗೆ ಹೇಳುತ್ತಿದ್ದ: "ಒಂದೇ ಸಲ ಯಾಕೆ ಮಾಡಿದ್ರಿ ಅಂತ ಪರೀಕ್ಷೆಯೋರು ಕೇಳುದ್ರು. ನಮ್ಮವ್ವ, ಉತ್ತರ ಒಂದೇ ಸಲದ್ದು ಸಾರ್, ಹಂಗೇ ಬರ್ದಿದೀನಿ, ಇನ್ನೆರಡು ಬಾಕಿ ಐತೆ ಅಂದ್ರು. ಆಯಪ್ಪ ಅದುನ್ನ ಇನ್ನೊಂದ್ಸಲ ಓದಿ ರುಜು ಹಾಕುದ್ರು."

ಪದವಿ ಬಂದ ಮೇಲೂ ಅವಳು ಹುರುಳಿ ನೆನೆಸಿದಳು. ಎರಡನೆಯ ಸಲ ಮುಗಿಯಿತು. ಅದೇ ಉತ್ತರ ಬಂತು. ಮೂರನೆಯದಕ್ಕೆ ಮೊದಲೇ ಬೇರೆ ಊರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತು.

"ಒಂದು ಉಳೀತಲ್ಲ ಬೋರಣ್ಣ," ಎಂದಳು ಹೊರಡುವಾಗ.

"ಉಳೀಲಿ ಬಿಡವ್ವ. ನಿಂಗೆ ತೀರ್ಸೋ ಸಾಲ ನಂದೂ ಐತೆ."

ಈಗ ನನ್ನ ಕಂಪ್ರೆಸರ್ ಸತ್ತಿದೆ. ವಿಭಾಗದ ಕಾರಿಡಾರಿನ ಮೂಲೆಯಲ್ಲಿ ಹಳೆಯ ಕಡತ ಹೊತ್ತು ನಿಂತಿದ್ದೇನೆ. ಅವಳು ನಂಬಿ ಇಟ್ಟದ್ದನ್ನು ಕಾಯಲಾಗದ ಸಾಲ ನನ್ನ ಮೇಲೂ ಇದೆ. ಮೂವರಲ್ಲಿ ಯಾರದ್ದೂ ಇನ್ನೂ ತೀರಿಲ್ಲ.